ಮೇವಿನ ಶಿಬಿರಕ್ಕೆ ಹೋದವಳು

ಎಮ್ಮೆ ಮಾರುವ ಮಾತು ಆ ಮನೆಯಲ್ಲಿ ಸರಿಯಾಗಿ ಊಟದ ಹೊತ್ತಿಗೇ ಏಳುತ್ತಿತ್ತು. ಬಡಗಿ ಮೊದಲ ತುತ್ತು ನುಂಗಿ, "ದಲ್ಲಾಳಿ ಇವತ್ತೂ ಬಂದಿದ್ದ" ಎನ್ನುವನು. ಒಲೆಯ ಮುಂದೆ ಕೂತ ಹೆಂಡತಿ ತಿರುಗಿಯೂ ನೋಡದೆ, "ಬಂದ ದಾರೀಲೇ ಹೋದ ತಾನೆ?" ಎನ್ನುವಳು. ಅಲ್ಲಿಂದ ಮುಂದೆ ಯಾರ ಗಂಟಲಲ್ಲೂ ರೊಟ್ಟಿ ಸಲೀಸಾಗಿ ಇಳಿಯುತ್ತಿರಲಿಲ್ಲ.

ಎರಡು ವರ್ಷದಿಂದ ಮಳೆ ಕೈಕೊಟ್ಟಿತ್ತು. ಹಿತ್ತಲಲ್ಲಿ ಮನೆಯಷ್ಟೇ ಎತ್ತರಕ್ಕೆ ನಿಲ್ಲುತ್ತಿದ್ದ ಬಣವೆ ಕರಗಿ ಕರಗಿ ಕೋಳಿಗೂಡಿನಷ್ಟಾಗಿತ್ತು. ಕೊಟ್ಟಿಗೆಯಲ್ಲಿ ಇದ್ದದ್ದು ಮೂರೇ ಜೀವ: ಒಂದು ಹಸು, ಅದರ ಕಡಸು, ಮತ್ತೆ ಆ ಎಮ್ಮೆ. ಮೊಮ್ಮಗಳು ಎಮ್ಮೆಗೆ 'ದೊರೆಸಾನಿ' ಎಂದು ಹೆಸರಿಟ್ಟಿದ್ದಳು. ಹಾಕಿದ ಮೇವನ್ನು ಮೂಸಿ, ಇದು ತನ್ನ ಅಂತಸ್ತಿಗೆ ತಕ್ಕದ್ದೋ ಅಲ್ಲವೋ ಎಂದು ಯೋಚಿಸಿ ಆಮೇಲೆ ಬಾಯಿ ಹಾಕುವ ಪ್ರಾಣಿ ಅದು. ಹುಟ್ಟಿದ ವಾರದಲ್ಲೇ ತಾಯಿ ಸತ್ತಾಗ ಬಡಗಿಯ ಹೆಂಡತಿ ಬಟ್ಟೆಯ ಚೂರನ್ನು ಹಾಲಲ್ಲಿ ಅದ್ದಿ ಅದರ ಬಾಯಿಗಿಟ್ಟು ಬದುಕಿಸಿದ್ದಳು. ಈಗ ಅದರ ಪಕ್ಕೆಲುಬುಗಳು ಬೀದಿಯಲ್ಲಿ ನಿಂತವರಿಗೂ ಕಾಣುತ್ತಿದ್ದವು. ಗತ್ತು ಮಾತ್ರ ಇಳಿದಿರಲಿಲ್ಲ.

"ಇವತ್ತು ಮಾರಿದ್ರೆ ಎಮ್ಮೆ ಅಂತ ತಗೋತಾನೆ. ಇನ್ನೊಂದು ತಿಂಗಳು ಬಿಟ್ರೆ ಚರ್ಮ ಅಂತ ತಗೋತಾನೆ," ಎಂದ ಬಡಗಿ ಆ ದಿನ.

"ಅಪ್ಪ ಹೇಳೋದ್ರಲ್ಲೂ ತಪ್ಪಿಲ್ಲಮ್ಮ. ಆದ್ರೂ ನೀನು ಸಾಕಿದ್ದು..." ಎಂದು ಮಗ ಮಾತನ್ನು ಅರ್ಧಕ್ಕೇ ಬಿಟ್ಟ. ಅವನು ಪಂಪ್ ರಿಪೇರಿ ಮಾಡುವವನು. ಬಾವಿಗಳ ತಳದ ಕೆಸರು ಎಳೆದು ಸುಟ್ಟುಹೋದ ಮೋಟಾರುಗಳು ದಿನಕ್ಕೊಂದು ಊರಿಗೆ ಅವನನ್ನು ಕರೆಯುತ್ತಿದ್ದವು. ಮನೆಯ ಜಗಳಕ್ಕೆ ಅವನಲ್ಲಿ ಶಕ್ತಿ ಉಳಿದಿರುತ್ತಿರಲಿಲ್ಲ.

"ನಿಂದು ಯಾವಾಗ್ಲೂ ಅಡ್ಡಗೋಡೆ ಮೇಲಿನ ದೀಪ," ಎಂದಳು ತಾಯಿ.

ಹೊಲಿಗೆ ಯಂತ್ರದ ಮುಂದಿನಿಂದ ಎದ್ದು ಬಂದ ಸೊಸೆ ನೆಲದ ಮೇಲೆ ಕೂತಳು. "ರವಿಕೆ ಕೊಡೋಕೆ ಬಂದೋರು ಹೇಳ್ತಿದ್ರು. ಗುಡ್ಡದಾಚೆ ಕೆರೆ ಹತ್ರ ಮೇವಿನ ಶಿಬಿರ ಶುರುವಾಗಿದೆಯಂತೆ. ಅಲ್ಲಿ ದನ ಕಟ್ಟಿದ್ರೆ ಮೇವು, ನೀರು ಎರಡೂ ಸಿಗುತ್ತಂತೆ. ಆದ್ರೆ ಮನೆಯವರು ಒಬ್ಬರು ದನದ ಜೊತೆ ಅಲ್ಲೇ ಇರಬೇಕಂತೆ. ಮಳೆಯಾಗಿ ಹುಲ್ಲು ಚಿಗುರೋವರೆಗೂ."

ಎಲ್ಲರ ಕಣ್ಣೂ ಬಡಗಿಯ ಕಡೆ ಹೊರಳಿತು. ಮನೆಯಲ್ಲಿ ಬಿಡುವಾಗಿದ್ದವನು ಅವನೊಬ್ಬನೇ. ಒಂದು ಕಾಲಕ್ಕೆ ಅವನು ಮಾಡಿದ ಗಾಡಿಯ ಗಾಲಿಗಳು ಸುತ್ತಿನ ಊರುಗಳಲ್ಲೆಲ್ಲ ಉರುಳುತ್ತಿದ್ದವು. ಈಗ ಗಾಡಿ ಕೇಳುವವರಿರಲಿಲ್ಲ. ಯಾರಾದರೂ ಗುದ್ದಲಿಗೆ ಕಾವು ಹಾಕಿಸಿಕೊಂಡು ಹೋದರೆ ಅದೇ ಕೆಲಸ.

"ನನ್ನ ಯಾಕೆ ನೋಡ್ತೀರಿ? ಈ ಕೈ ಇನ್ನೊಬ್ಬರ ಮುಂದೆ ಚಾಚಿದ್ದಿಲ್ಲ. ಹಿಡಿ ಹುಲ್ಲಿಗೆ ಸಾಲಲ್ಲಿ ನಿಲ್ಲು ಅಂತೀರಾ?"

"ಬೇಡ ಬಿಡಿ. ನಾನು ಹೋಗ್ತೀನಿ," ಎಂದಳು ಹೆಂಡತಿ.

ಬಡಗಿ ನಕ್ಕುಬಿಟ್ಟ. "ನೀನಾ? ಸಂತೆಗೂ ಒಬ್ಬಳೇ ಹೋಗಿ ಗೊತ್ತಿಲ್ಲ ನಿಂಗೆ."

"ಕಳಿಸಿದ್ರೆ ತಾನೆ ಗೊತ್ತಾಗೋದು?"

"ವಯಸ್ಸಾದ ಹೆಂಗಸನ್ನ ದನ ಕಾಯೋಕೆ ಕಳಿಸಿದ ಅಂತ ಜನ ಏನಂತಾರೆ?"

"ಆ ಜನ ಒಂದು ಹೊರೆ ಮೇವು ಕೊಡ್ತಾರಾ ಕೇಳಿ. ಕೊಟ್ರೆ ಅವರು ಏನಂದ್ರೂ ಕೂತು ಕೇಳ್ತೀನಿ."

ಮೊಮ್ಮಗಳು ಕಿಸಕ್ಕನೆ ನಕ್ಕಳು. ಸೊಸೆ ಮಗಳ ತೊಡೆ ಚಿವುಟಿದಳು. ಬಡಗಿ ತಟ್ಟೆಯಲ್ಲೇ ಕೈ ತೊಳೆದು ಎದ್ದುಹೋದ. ಆ ನೀರೂ ದಂಡವಾಯಿತಲ್ಲ ಎಂದು ಸೊಸೆ ತಟ್ಟೆಯನ್ನೇ ನೋಡುತ್ತಿದ್ದಳು.

ಆ ವಾರವೇ ಅವಳು ಹೊರಟಳು. ತಲೆಯ ಮೇಲೆ ಚಾಪೆ ಸುತ್ತಿದ ಗಂಟು, ಒಂದು ಪಾತ್ರೆ, ಹಿಟ್ಟಿನ ಚೀಲ. ಕೈಯಲ್ಲಿ ಮೂರು ಹಗ್ಗ. ಗುಡ್ಡದ ತಿರುವಿನವರೆಗೆ ಮಗ ಜೊತೆಗೆ ಹೋದ. ಬಡಗಿ ಜಗಲಿಯ ಮೇಲೆ ಹಲಗೆಯೊಂದನ್ನು ಇಟ್ಟುಕೊಂಡು ಕೀಸುಳಿ ಹಾಕುತ್ತ ಕೂತ. ದೊರೆಸಾನಿ ಬಾಗಿಲ ಮುಂದೆ ನಿಂತು ಅವನನ್ನೊಮ್ಮೆ ನೋಡಿ, ಇವನ ಹತ್ತಿರ ಏನು ಮಾತು ಎಂಬಂತೆ ಮುಖ ತಿರುಗಿಸಿ ನಡೆಯಿತು.

"ಬರ್ತೀನಿ ರೀ," ಎಂದಳು ಹೆಂಡತಿ.

"ಹೂಂ."

ಅವರು ಕಣ್ಮರೆಯಾದ ಮೇಲೆ ನೋಡಿದರೆ, ಹಲಗೆಯನ್ನು ಬೇಕಾದ್ದಕ್ಕಿಂತ ಒಂದು ಬೆರಳು ತೆಳ್ಳಗೆ ಕೀಸಿಬಿಟ್ಟಿದ್ದ.

*

ಹೆಂಡತಿ ಹೋದ ಮೊದಲ ದಿನಗಳಲ್ಲಿ ಬಡಗಿಗೆ ಸಿಟ್ಟೇ ಊಟ. ಬೆಳಿಗ್ಗೆ ಎದ್ದರೆ ಮುಖ ತೊಳೆಯುವ ನೀರು ತಾನಾಗಿ ಬಂದು ಜಗಲಿಯಲ್ಲಿ ಕೂತಿರುತ್ತಿರಲಿಲ್ಲ. ಕನ್ನಡಕ ಎಲ್ಲಿ, ಅಂಗಿ ಎಲ್ಲಿ, ಮೊಣಕಾಲಿಗೆ ಹಚ್ಚುವ ಎಣ್ಣೆ ಎಲ್ಲಿ ಎಂದು ಕೂಗಿದರೆ, ಒಳಗಿನಿಂದ ಹೊಲಿಗೆ ಯಂತ್ರದ ಕಟಕಟ ಮಾತ್ರ ಕೇಳುವುದು.

ಸೊಸೆ ಮನೆಯ ನೀರಿಗೆ ಕಾನೂನು ಮಾಡಿದ್ದಳು. ತರಕಾರಿ ತೊಳೆದ ನೀರಲ್ಲಿ ಪಾತ್ರೆಗೆ ಮೊದಲ ಸುತ್ತು. ಮೈ ತೊಳೆದ ನೀರು ಬಟ್ಟೆಗೆ. ಬಟ್ಟೆ ಜಾಲಿಸಿದ್ದು ಹಿತ್ತಲ ನುಗ್ಗೆ ಗಿಡಕ್ಕೆ. ಬಡಗಿ ಹೊರಗಿನಿಂದ ಬಂದವನೇ ಹಳೆಯ ಅಭ್ಯಾಸದಂತೆ ತುಂಬಿದ ಚೊಂಬನ್ನು ಕಾಲ ಮೇಲೆ ಸುರಿದುಕೊಂಡ. ಸೊಸೆ ಓಡಿಬಂದು ಬಕೆಟ್ಟನ್ನು ಕಾಲ ಕೆಳಗೆ ತಳ್ಳಿದಳು.

"ಮಾವ, ಕಾಲು ಇದರಲ್ಲಿ ತೊಳೀರಿ ಅಂತ ಹೇಳಿದ್ದೆ."

"ನನ್ನ ಮನೇಲಿ ನನಗೇ ನೀರಿನ ಲೆಕ್ಕ ಹೇಳ್ತೀಯಾ?"

"ಮನೆ ನಿಮ್ಮದೇ ಮಾವ. ನೀರು ನಿಮ್ಮದಲ್ಲ. ಅದು ನಾನು ತಲೆ ಮೇಲೆ ಹೊತ್ತು ತಂದಿದ್ದು."

"ನಿನ್ನತ್ತೆ ಇದ್ದಿದ್ರೆ ಹೀಗೆ ಮಾತಾಡ್ತಿದ್ದೆಯಾ?"

"ಅತ್ತೆ ಇದ್ದಿದ್ರೆ ಅವರು ಹೊತ್ತು ತರ್ತಿದ್ರು. ಎಷ್ಟು ಸುರಿದ್ರೂ ಬಾಯಿ ಬಿಡ್ತಿರಲಿಲ್ಲ. ನಾನು ಅಷ್ಟು ಒಳ್ಳೆಯವಳಲ್ಲ."

ಬಡಗಿ ಆ ಹೊತ್ತಿನ ಊಟ ಬಿಟ್ಟ. ತಟ್ಟೆ ಹಿಡಿದು ಕರೆಯಲು ಯಾರಾದರೂ ಬರುತ್ತಾರೆಂದು ಜಗಲಿಯಲ್ಲಿ ಕಾದ. ಬಂದವಳು ಮೊಮ್ಮಗಳು.

"ತಾತ, ಊಟ ಬೇಡವಂತಲ್ಲ. ನಿಜವಾಗ್ಲೂ ಬೇಡ್ವಾ?"

"ಬೇಡ ಅಂತ ಹೇಳು ನಿಮ್ಮಮ್ಮಂಗೆ."

"ಅಮ್ಮ ಅಂದ್ಲು, ಒಂದು ತಟ್ಟೆ ತೊಳೆಯೋ ನೀರು ಉಳೀತು ಅಂತ. ನಾಳೆನೂ ಬಿಡ್ತೀರಾ ಅಂತ ಕೇಳ್ಕೊಂಡು ಬಾ ಅಂದ್ಲು."

ಬಡಗಿ ಮೊಮ್ಮಗಳ ಮುಖ ನೋಡಿದ. ಅವಳು ತುಟಿ ಕಚ್ಚಿಕೊಂಡು ನಗು ತಡೆದಿದ್ದಳು. ಅವನು ಎದ್ದು ಒಳಗೆ ಹೋದ. ತಟ್ಟೆ ಬಡಿಸಿಟ್ಟೇ ಇತ್ತು. ಗಂಜಿ, ಸುಟ್ಟ ಈರುಳ್ಳಿ, ಅಂಚಿನಲ್ಲಿ ಚೂರು ಉಪ್ಪು. ಉಂಡು, ತಟ್ಟೆಯನ್ನು ಬೆರಳಲ್ಲೇ ಬಳಿದು ಶುಚಿ ಮಾಡಿ ಕೆಳಗಿಟ್ಟ.

ಬೀದಿಯ ಕೊನೆಯಲ್ಲಿ ಸಿಮೆಂಟಿನ ತೊಟ್ಟಿ. ಟ್ಯಾಂಕರ್ ಬಂದು ಅದಕ್ಕೆ ನೀರು ಸುರಿದು ಹೋಗುವುದು. ಒಂದು ಬೆಳಿಗ್ಗೆ ಬಡಗಿ ಬೀಡಿಗೆಂದು ಆ ಕಡೆ ಹೋದಾಗ, ಸೊಸೆ ನಡುಬೀದಿಯಲ್ಲಿ ಕುಕ್ಕರುಗಾಲಲ್ಲಿ ಕೂತಿದ್ದಳು. ಕಲ್ಲು ಎಡವಿ ಎರಡು ಕೊಡವೂ ಉರುಳಿದ್ದವು. ನೆಲ ಒಂದೇ ಗುಟುಕಿಗೆ ಕುಡಿದುಬಿಟ್ಟಿತ್ತು. ಅವಳು ಗಾಯವಾದ ಮೊಣಕೈ ನೋಡುತ್ತಿರಲಿಲ್ಲ. ಒದ್ದೆ ಮಣ್ಣಿನ ಮೇಲೆ ಅಂಗೈ ಊರಿ ಬಿಕ್ಕುತ್ತಿದ್ದಳು.

"ಏಳು ಮಗಳೇ," ಎಂದ ಬಡಗಿ. ಅವಳನ್ನು ಹಾಗೆ ಕರೆದದ್ದು ಅದೇ ಮೊದಲು.

"ನಿಮ್ಮ ಪಾಲಿನದೂ ಚೆಲ್ಲಿಬಿಟ್ಟೆ ಮಾವ."

"ನಾನು ಎಷ್ಟು ಚೆಲ್ಲಿದೀನಿ, ಅದರ ಮುಂದೆ ಇದ್ಯಾವ ಲೆಕ್ಕ."

ಮನೆಗೆ ಬಂದು ಕೊಡ ಒರೆಸಿಡುತ್ತ ಅವಳು ಹೇಳಿದಳು, "ಅತ್ತೆ ಇಷ್ಟು ವರ್ಷ ಇದನ್ನೆಲ್ಲ ಹೇಗೆ ಮಾಡಿದ್ರೋ. ನಾವು ಏಳೋದ್ರೊಳಗೆ ಹಂಡೆ ತುಂಬಿರ್ತಿತ್ತು. ತನ್ನಷ್ಟಕ್ಕೆ ತುಂಬುತ್ತೇನೋ ಅನ್ನೋ ಹಾಗೆ ಇದ್ದೆ ನಾನೂ."

ಬಡಗಿ ಹಿತ್ತಲಿಗೆ ಹೋದ. ದಪ್ಪ ಹಲಗೆಯೊಂದನ್ನು ಎಳೆದ. ಅದರಲ್ಲಿ ಕೊಡದ ತಳ ಕೂರುವಷ್ಟು ದುಂಡಗೆ ನಾಲ್ಕು ಕಂಡಿ ಕೊರೆದ. ಮಗನ ಹಳೆ ಸೈಕಲ್ಲಿನ ಗಾಲಿ ಬಿಚ್ಚಿ ಜೋಡಿಸಿದ. ಹಿಡಿಗೆ ಸೊಸೆಯ ಸೊಂಟದ ಎತ್ತರ ಅಳೆದ. ಎರಡು ದಿನ ಉಳಿ, ಗರಗಸದ ಸದ್ದು ಹೊಲಿಗೆ ಯಂತ್ರದ ಜೊತೆ ಪೈಪೋಟಿ ಮಾಡಿತು. ಆಮೇಲೆ ನಾಲ್ಕು ಕೊಡದ ತಳ್ಳುಗಾಡಿ ಅಂಗಳದಲ್ಲಿ ನಿಂತಿತು.

ಮೊದಲ ದಿನ ತಾನೇ ತಳ್ಳಿಕೊಂಡು ಹೋದ. ತೊಟ್ಟಿಯ ಸುತ್ತ ಇದ್ದ ಹೆಂಗಸರು ದಾರಿ ಬಿಟ್ಟು ನಗಾಡಿದರು.

"ಏನಜ್ಜ, ಅಜ್ಜಿಯ ಜಾಗಕ್ಕೆ ನೀವು ಬಂದ್ರಾ?"

"ಜಾಗ ಎಲ್ಲಿ ಸಿಗುತ್ತೆ, ಅವಳ ಕೊಡ ಇಟ್ಕೊಂಡು ನಿಂತಿದೀನಿ ಅಷ್ಟೆ."

"ಅವರು ಇದ್ದಾಗ ಇಲ್ಲಿ ಜಗಳ ಇರಲಿಲ್ಲ. ಬಾಣಂತಿ ಮನೇದು ಮೊದಲು, ಬಾಯಿ ದೊಡ್ಡದಿರೋರದು ಕೊನೆಗೆ. ಯಾರೂ ತುಟಿ ಪಿಟಕ್ಕನ್ನೋ ಹಾಗಿರಲಿಲ್ಲ."

ತನ್ನ ಹೆಂಡತಿ ಹೀಗೊಂದು ದರ್ಬಾರು ನಡೆಸುತ್ತಿದ್ದಳೆಂದು ಬಡಗಿಗೆ ಗೊತ್ತೇ ಇರಲಿಲ್ಲ. ಆ ವಾರ ಮುಗಿಯುವುದರೊಳಗೆ ಬೀದಿಯ ಮೂರು ಮನೆಯವರು, ನಮಗೂ ಒಂದು ಗಾಡಿ ಮಾಡಿಕೊಡಿ ಎಂದು ಹಲಗೆ ಹೊತ್ತು ತಂದರು. ಬಹಳ ದಿನದ ಮೇಲೆ ಅವನ ಅಂಗೈಯಲ್ಲಿ ಬೊಕ್ಕೆ ಎದ್ದಿತು. ಅದನ್ನು ಊಟದ ಹೊತ್ತಿಗೆ ಎಲ್ಲರಿಗೂ ತೋರಿಸಿದ.

*

ಕೆಲಸ ಸಿಕ್ಕರೂ ಮನಸ್ಸು ನೆಟ್ಟಗಾಗಲಿಲ್ಲ. ಒಂದು ರಜೆಯ ದಿನ ಮಗನ ಬೈಕಿನ ಹಿಂದೆ ಕೂತು ಶಿಬಿರಕ್ಕೆ ಹೊರಟ. ಸೊಸೆ ಒಂದು ಡಬ್ಬಿ ರೊಟ್ಟಿ, ಹೊಸದಾಗಿ ಹೊಲಿದ ರವಿಕೆ ಕಟ್ಟಿಕೊಟ್ಟಳು.

ಒಣಗಿದ ಕೆರೆಯ ಮಗ್ಗುಲಲ್ಲಿ, ಹಳ್ಳದ ದಂಡೆಯ ನಾಲ್ಕಾರು ಮರದ ನೆರಳಿಗೆ ತಗಡು, ತಾಡಪಾಲಿನ ಚಪ್ಪರಗಳ ಸಾಲು. ಎತ್ತ ನೋಡಿದರೂ ದನ. ಸೆಗಣಿ, ಹಸಿ ಮೇವು, ಒಲೆಯ ಹೊಗೆ ಎಲ್ಲ ಬೆರೆತ ವಾಸನೆ. ಮೇವಿನ ಲಾರಿಯ ಪಕ್ಕ ದೊಡ್ಡ ತಕ್ಕಡಿ ತೂಗುಹಾಕಿತ್ತು. ಅದರ ಮುಂದೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ಕೈ ಬೀಸಿ ಕೂಗುತ್ತಿದ್ದವಳು ಬಡಗಿಯ ಹೆಂಡತಿ.

"ಏಯ್, ಮುಳ್ಳು ನಿಲ್ಲೋವರೆಗೂ ತಡೀಯಪ್ಪ! ನಿಂಗೇನು ಬಸ್ಸು ತಪ್ಪುತ್ತಾ?"

ತೂಗುವವನು ನಕ್ಕು ಇನ್ನೊಂದು ಕಟ್ಟು ಏರಿಸಿದ. "ಸರಿಯಾ ತಕ್ಕಡಿ ಅವ್ವ?"

"ಈಗ ಸರಿ."

ತಕ್ಕಡಿ ಅವ್ವ! ಬಡಗಿ ಬೈಕಿನಿಂದ ಇಳಿಯುವುದನ್ನೇ ಮರೆತ. ಅವಳು ಬಿಸಿಲಿಗೆ ಕಪ್ಪಾಗಿದ್ದಳು, ಸೊರಗಿದ್ದಳು. ಆದರೆ ಅವಳು ಇಷ್ಟು ಗಟ್ಟಿಯಾಗಿ ಮಾತಾಡಿದ್ದನ್ನು ಅವನು ಕೇಳಿರಲಿಲ್ಲ. ಗಂಡ, ಮಗನನ್ನು ಕಂಡವಳೇ ಓಡಿಬಂದಳು. ಚಪ್ಪರದೊಳಗೆ ಕೂರಿಸಿದಳು. ಪಕ್ಕದ ಚಪ್ಪರದವಳು ಮೊಸರು ತಂದಳು, ಎದುರಿನವಳು ಬೇಳೆ ಸಾರು ತಂದಳು. ದೊರೆಸಾನಿಯ ಪಕ್ಕೆಲುಬು ಮುಚ್ಚಿದ್ದವು. ಅದು ಬಡಗಿಯನ್ನು ಗುರುತೇ ಹಿಡಿಯಲಿಲ್ಲ, ಅಥವಾ ಹಿಡಿದಂತೆ ತೋರಿಸಿಕೊಳ್ಳಲಿಲ್ಲ.

ಹೆಂಡತಿ ತಟ್ಟೆಗೆ ಬಡಿಸಿ ಮುಂದಿಟ್ಟಳು. ಬಡಗಿ ಮುಟ್ಟಲಿಲ್ಲ.

"ಸಾಕು. ಗಂಟು ಕಟ್ಟು. ಎಮ್ಮೆ ಮೈ ತುಂಬಿದೆ, ಈಗ ಒಳ್ಳೆ ಬೆಲೆ ಬರುತ್ತೆ. ಮಾರಿ ಮನೆಗೆ ಹೋಗೋಣ."

"ಮನೇಲಿ ಏನಾದ್ರೂ ತೊಂದರೆ ಆಯ್ತಾ?"

"ತೊಂದರೆ ಏನಿಲ್ಲ."

"ಯಾರಿಗಾದ್ರೂ ಹುಷಾರಿಲ್ವಾ?"

"ಎಲ್ಲ ಹುಷಾರಾಗಿದಾರೆ."

"ಮತ್ತೆ ಯಾಕೆ ಬರಲಿ?"

ನೀನಿಲ್ಲದೆ ಮನೆ ಮನೆಯಾಗಿಲ್ಲ ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಬಾಯಿಂದ ಹೊರಬಿದ್ದದ್ದು ಬೇರೆ. "ನಾಲ್ಕು ಜನ ಅವ್ವ ಅಂದ ತಕ್ಷಣ ತಲೆ ತಿರುಗಿದೆ ನಿಂಗೆ."

ಸುತ್ತ ಇದ್ದವರು ಇತ್ತ ತಿರುಗಿದರು. ಅವಳ ಮುಖ ಬಾಡಿತು. ದನಿ ಮಾತ್ರ ನಡುಗಲಿಲ್ಲ.

"ತಿರುಗಿಲ್ಲ ರೀ. ಇಲ್ಲಿ ನಾನು ಹೇಳಿದ್ದನ್ನ ಜನ ಕೇಳ್ತಾರೆ. ಅದು ಚೆನ್ನಾಗಿದೆ, ಸುಳ್ಳು ಹೇಳಲ್ಲ. ಆದ್ರೆ ನಾನು ಇರೋದು ಅದಕ್ಕಲ್ಲ. ಈ ಮೂರು ಬಾಯಿಗೆ ಹುಲ್ಲು ಸಿಗೋವರೆಗೂ ಬರಲ್ಲ. ನೀವು ಊಟ ಮಾಡಿ."

ಬಡಗಿ ಚಪ್ಪಲಿ ಮೆಟ್ಟಿ ಬೈಕಿನ ಕಡೆ ನಡೆದುಬಿಟ್ಟ. ಅರ್ಧ ದಾರಿಯಲ್ಲಿ ಮಗ ಬೈಕು ನಿಲ್ಲಿಸಿದ.

"ಅಪ್ಪ, ಬಡಿಸಿದ ತಟ್ಟೆ ಬಿಟ್ಟು ಬಂದ್ರಲ್ಲ. ಆ ಮೊಸರು ತಂದುಕೊಟ್ಟಳಲ್ಲ, ಆಕೆಯ ಮನೇಲಿ ಹಾಲು ಕೊಡೋ ಹಸು ಒಂದೇ ಇರೋದಂತೆ. ಅಮ್ಮ ಹೇಳಿದ್ಲು."

"ಬೈಕ್ ಹೊಡಿ ನೀನು."

"ಹೊಡೀತೀನಿ. ಕೋಪದಲ್ಲಿ ಕೊಯ್ದ ಮೂಗು ಶಾಂತಿಯಲ್ಲಿ ಬರಲ್ಲ ಅಂತ ನನಗೆ ಚಿಕ್ಕಂದಿನಲ್ಲಿ ಹೇಳಿಕೊಟ್ಟಿದ್ದು ನೀವೇ."

ಅಡ್ಡಗೋಡೆಯ ದೀಪ ಅಷ್ಟು ನೇರವಾಗಿ ಉರಿದದ್ದನ್ನು ಬಡಗಿ ಅಂದೇ ಕಂಡದ್ದು.

*

ಬರ ಕಾಡಿದ ನೆಲಕ್ಕೆ ಮಳೆ ಒಳ್ಳೆಯ ನೆಂಟನ ಹಾಗೆ ಹೇಳಿ ಕೇಳಿ ಬರಲಿಲ್ಲ. ಒಂದು ಮಧ್ಯಾಹ್ನ ಗಾಳಿ ನಿಂತಿತು. ಆಮೇಲೆ ಗುಡ್ಡದ ಮೇಲೆ ಕೆಂಪು ಧೂಳಿನ ಗೋಡೆ ಎದ್ದಿತು. ಅದರ ಬೆನ್ನಿಗೇ ಆಲಿಕಲ್ಲು, ಸಿಡಿಲು, ಮಳೆ. ಎರಡು ವರ್ಷ ಬಾಕಿ ಇದ್ದದ್ದೆಲ್ಲ ಒಂದೇ ಸಲ ಸುರಿದಂತೆ ಸುರಿಯಿತು. ಮೊಮ್ಮಗಳು ಮೊದಲು ಅಂಗಳದಲ್ಲಿ ಕುಣಿದಳು. ಸೊಸೆ ಮನೆಯ ಪಾತ್ರೆಗಳನ್ನೆಲ್ಲ ಸೂರಿನ ಕೆಳಗೆ ಸಾಲಾಗಿ ಇಟ್ಟಳು. ಬಡಗಿ ಜಗಲಿಯಲ್ಲಿ ನಿಂತು ಆಕಾಶಕ್ಕೆ ಕೈಮುಗಿದ.

ಮಳೆ ಸ್ವಲ್ಪ ತಗ್ಗಿದಾಗ ಹಾಲಿನ ವ್ಯಾನಿನ ಡ್ರೈವರ್ ಬಾಗಿಲಲ್ಲಿ ನಿಂತ. "ಅಜ್ಜ, ಹಳ್ಳ ಬಂದು ಶಿಬಿರದ ಮೇಲೆ ಹರಿದಿದೆಯಂತೆ."

ಮಗ ಎಲ್ಲೋ ದೂರದ ಊರಿನ ಬಾವಿಯ ಹತ್ತಿರ ಇದ್ದ. ಬಡಗಿಯೂ ಸೊಸೆಯೂ ಉಟ್ಟ ಬಟ್ಟೆಯಲ್ಲೇ ವ್ಯಾನು ಹತ್ತಿದರು. ಮೊಮ್ಮಗಳನ್ನು ಪಕ್ಕದ ಮನೆಯವರು ಕರೆದುಕೊಂಡರು. ಗುಡ್ಡದ ತಿರುವಿನ ಆಚೆ ರಸ್ತೆ ಕೊಚ್ಚಿಹೋಗಿತ್ತು. ಅಲ್ಲಿಂದ ಕೆಸರಲ್ಲಿ ನಡಿಗೆ. ಮಾವನ ಮೊಣಕಾಲು ಸೋತಾಗ ಸೊಸೆ ಹೆಗಲು ಕೊಟ್ಟಳು. ಸೊಸೆ ಜಾರಿದಾಗ ಮಾವ ಕೈ ಹಿಡಿದ.

ಶಿಬಿರ ಇದ್ದ ಜಾಗದಲ್ಲಿ ಕಂದು ನೀರು ಸುಳಿಯುತ್ತಿತ್ತು. ಮರಗಳಿಗೆ ತಗಡುಗಳು ಕಾಗದದ ಹಾಗೆ ಸುತ್ತಿಕೊಂಡಿದ್ದವು. ಜನ ದಿಬ್ಬದ ಮೇಲೆ ಒದ್ದೆಯಾಗಿ ಕೂತಿದ್ದರು. ಅಂದು ಮೊಸರು ತಂದಿದ್ದ ಹೆಂಗಸು ಬಡಗಿಯನ್ನು ಕಂಡವಳೇ ಎದ್ದು ಬಂದಳು.

"ಜನರೆಲ್ಲ ಉಳಿದಿದೀವಿ ಅಣ್ಣ. ನೀರಿನ ಸದ್ದು ಕೇಳಿದ್ದೇ ಎಲ್ಲರೂ ಸೇರಿ ದನದ ಹಗ್ಗ ಕತ್ತರಿಸಿದ್ವಿ. ನಿಮ್ಮ ಮನೆಯವರೂ ನಮ್ಮ ಜೊತೆನೇ ಇದ್ರು. ಕೊನೆಗೆ ಕಡಸು ಒಂದು ಸಿಕ್ಕಿಹಾಕ್ಕೊಂಡಿತ್ತು ಅಂತ ಮತ್ತೆ ಇಳಿದ್ರು."

"ಇಳಿದು?"

"ಆಮೇಲೆ ಕಾಣಲಿಲ್ಲ. ನೀರು ಬಂದುಬಿಟ್ತು."

ಸೊಸೆ, "ಅತ್ತೆ!" ಎಂದು ನೀರಿನ ಕಡೆ ಕೂಗಿದಳು. ಬಡಗಿ ಹಳ್ಳದ ದಂಡೆ ಹಿಡಿದು ಕೆಳಕ್ಕೆ ನಡೆಯತೊಡಗಿದ. ತೂಗುವವನೂ ಇನ್ನಿಬ್ಬರೂ ಕೋಲು ಹಿಡಿದು ಜೊತೆಗೆ ಬಂದರು. ಪ್ರತಿ ಪೊದೆಯ ಹತ್ತಿರ ನಿಂತರು. ತೇಲಿಬಂದ ಚಾಪೆ ಕಂಡಿತು, ಯಾರದೋ ಪಾತ್ರೆ ಕಂಡಿತು. ಬಿಟ್ಟುಬಂದ ತಟ್ಟೆಯ ಮುಂದೆ ಬಾಡಿದ ಆ ಮುಖ ಬಡಗಿಯ ಕಣ್ಣಿಂದ ಸರಿಯಲೇ ಇಲ್ಲ.

ಹಳ್ಳ ತಿರುಗುವಲ್ಲಿ ಎತ್ತರದ ಮೇಲೊಂದು ಒಂಟಿ ಮನೆ. ಕುರಿ ಕಾಯುವವರದು. ಕುರಿದೊಡ್ಡಿಯ ಬಾಗಿಲು ಗಾಳಿಗೆ ಕಿತ್ತು ಬಿದ್ದಿತ್ತು. ದೊಡ್ಡಿಯೊಳಗೆ ಕುರಿಗಳ ನಡುವೆ, ಈ ಬಡವರ ಜೊತೆ ಹೇಗೆ ಇರಲಿ ಎಂಬ ಮುಖ ಮಾಡಿಕೊಂಡು, ದೊರೆಸಾನಿ ನಿಂತಿತ್ತು. ಪಕ್ಕದಲ್ಲೇ ಹಸು, ಕಡಸು.

"ಮಾವ!" ಎಂದು ಸೊಸೆ ಅವನ ತೋಳು ಅಲುಗಾಡಿಸಿದಳು.

ಒಳಗೆ ಒಲೆಯ ಪಕ್ಕ, ಕುರಿಯವಳ ಸೀರೆ ಉಟ್ಟು, ಕಂಬಳಿ ಹೊದ್ದು ಹೆಂಡತಿ ಕೂತಿದ್ದಳು. ಊದಿಕೊಂಡ ಕಾಲಿಗೆ ಬಟ್ಟೆ ಸುತ್ತಿತ್ತು. ಸೊಸೆ ಓಡಿಹೋಗಿ ಅತ್ತೆಯ ಕೊರಳಿಗೆ ಬಿದ್ದು ಅತ್ತಳು. ಬಡಗಿ ಬಾಗಿಲಲ್ಲೇ ನಿಂತ.

"ಕಡಸನ್ನ ಬಿಡಿಸೋಷ್ಟರಲ್ಲಿ ನೀರು ಸೊಂಟಕ್ಕೆ ಬಂತು ರೀ," ಎಂದಳು ಅವಳು, ಅಂಗಡಿಗೆ ಹೋಗಿ ಬಂದದ್ದನ್ನು ಹೇಳುವಂತೆ. "ದೊರೆಸಾನಿ ಈಜ್ತಿತ್ತು. ಬಾಲ ಹಿಡ್ಕೊಂಡೆ. ಎಲ್ಲಿ ಕರ್ಕೊಂಡು ಹೋಗುತ್ತೋ ಹೋಗಲಿ ಅಂತ ಕಣ್ಣು ಮುಚ್ಕೊಂಡೆ. ಈ ದಂಡೆಗೆ ತಂದು ನಿಲ್ಲಿಸ್ತು. ಈ ಮನೆಯ ಗಂಡ ಹೆಂಡತಿ ಕೋಲು ಚಾಚಿ ಎಳ್ಕೊಂಡ್ರು. ಹಸು, ಕಡಸು ತಾವೇ ಹಿಂದೆ ಬಂದ್ವು."

ಬಡಗಿ ಒಳಗೆ ಬಂದು ಗೋಡೆಗೆ ಒರಗಿ ಕೂತ. ಕುರಿಯವಳು ಯಾರನ್ನೂ ಏನೂ ಕೇಳದೆ ಬಿಸಿ ಗಂಜಿ ಹೊಯ್ದು ಎಲ್ಲರ ಮುಂದೆ ಬಟ್ಟಲು ಇಟ್ಟಳು. ಅವಳ ಹಿಟ್ಟಿನ ಡಬ್ಬಿ ಬಗ್ಗಿಸಿ ಕೆರೆಯುವ ಸದ್ದು ಬಡಗಿಗೆ ಕೇಳಿತ್ತು.

"ನಿಮ್ಮ ಮನೆಗೇ ಸಾಲದು ತಾಯಿ," ಎಂದ.

"ಸಾಲದೇ ಇರೋದು ಎರಡು ವರ್ಷದಿಂದ ಇದೆ ಅಣ್ಣ, ನೀವು ಬಂದಿದ್ದಕ್ಕೆ ಶುರುವಾಗಿಲ್ಲ," ಎಂದು ಅವಳು ನಕ್ಕಳು. "ಕುಡೀರಿ. ಆರಿದ್ರೆ ಚೆನ್ನಾಗಿರಲ್ಲ."

ಬಡಗಿ ಎರಡೂ ಕೈಯಲ್ಲಿ ಬಟ್ಟಲು ತೆಗೆದುಕೊಂಡ. ಒಂದು ತೊಟ್ಟೂ ಬಿಡದೆ ಕುಡಿದ. ಕುಡಿಯುವಾಗ ಅವನ ಕಣ್ಣಿಂದ ನೀರು ಇಳಿಯುತ್ತಿತ್ತು. ಗಂಜಿಯ ಹಬೆ ಎಂದುಕೊಂಡು ಎಲ್ಲರೂ ಬೇರೆ ಕಡೆ ನೋಡಿದರು.

ಮರುದಿನ ಬೆಳಿಗ್ಗೆ ಮಗ ಹುಡುಕಿಕೊಂಡು ಬಂದಾಗ, ಅಪ್ಪ ಕುರಿಯವನ ಬಾಚಿ ಇಸಿದುಕೊಂಡು ದೊಡ್ಡಿಯ ಬಾಗಿಲಿಗೆ ಹೊಸ ಚೌಕಟ್ಟು ಕೂರಿಸುತ್ತಿದ್ದ. "ಇಷ್ಟೆಲ್ಲ ಯಾಕೆ ಅಣ್ಣ," ಎಂದು ಕುರಿಯವನು ಹತ್ತು ಸಲ ಹೇಳಿದ್ದ. ಬಡಗಿ ಬಾಗಿಲನ್ನು ಒಂದು ಬೆರಳಲ್ಲಿ ತಳ್ಳಿ, ಅದು ಸದ್ದಿಲ್ಲದೆ ತಿರುಗುವುದನ್ನು ನೋಡಿದ ಮೇಲೆಯೇ ಬಾಚಿ ಕೆಳಗಿಟ್ಟ.

*

ಮಳೆ ಬಂದರೂ ಹುಲ್ಲು ಒಂದೇ ದಿನಕ್ಕೆ ಏಳುವುದಿಲ್ಲ. ಶಿಬಿರವನ್ನು ಈ ಸಲ ದಿಬ್ಬದ ಮೇಲೆ ಹಾಕಬೇಕೆಂದು ಎಲ್ಲರೂ ಸೇರಿ ಗೊತ್ತುಮಾಡಿದರು.

"ಅಮ್ಮನ ಕಾಲು ವಾಸಿಯಾಗಲಿ, ಮನೆಗೆ ಕರ್ಕೊಂಡು ಹೋಗೋಣ," ಎಂದ ಮಗ.

"ನಾನು ಬಂದ್ರೆ ಇವನ್ನ ಯಾರು ನೋಡ್ಕೋತಾರೆ?" ಎಂದಳು ತಾಯಿ.

"ಇಬ್ಬರೂ ಇಲ್ಲೇ ಇರ್ತೀವಿ," ಎಂದ ಬಡಗಿ. "ಚಪ್ಪರಕ್ಕೆ ಕಂಬ ನಿಲ್ಲಿಸೋರು ಬೇಕಲ್ಲ. ಹೋದ ಸಲ ಯಾವನೋ ಕಡ್ಡಿ ಚುಚ್ಚಿದ ಹಾಗೆ ಚುಚ್ಚಿದ್ದ." ಸೊಸೆಯ ಕಡೆ ತಿರುಗಿ, "ಮನೆ ನಿನ್ನ ಕೈಲಿ ಭದ್ರವಾಗಿರುತ್ತಮ್ಮ, ನಂಗೊತ್ತು. ನನ್ನ ಹತ್ಯಾರದ ಚೀಲ ಮಾತ್ರ ಕಳಿಸಿಕೊಡು. ಮೊಣಕಾಲೆಣ್ಣೆ ಬೇಡ. ಅದು ಎಲ್ಲಿದೆ ಅಂತ ನಂಗೆ ಇನ್ನೂ ಗೊತ್ತಾಗಿಲ್ಲ."

"ಕನ್ನಡಕದ ಡಬ್ಬಿ ಪಕ್ಕದಲ್ಲೇ ಇಟ್ಟಿದ್ದೆ," ಎಂದಳು ಹೆಂಡತಿ. ಸೊಸೆಗೆ ನಗು ತಡೆಯಲಾಗಲಿಲ್ಲ.

ಬಡಗಿ ಗುಂಡಿ ಆಳವಾಗಿ ತೋಡಿಸಿ, ಕಂಬಗಳಿಗೆ ಅಡ್ಡಪಟ್ಟಿ ಕೊಟ್ಟು ಒಂದೊಂದೇ ಚಪ್ಪರ ಎಬ್ಬಿಸಿದ. ಹೆಂಡತಿಯ ಕಾಲಿನ ಊತ ಇಳಿಯುವವರೆಗೆ ಮೇವಿನ ಸಾಲಿನಲ್ಲೂ ಅವನೇ ನಿಂತ. "ಯಾರ ಪಾಲು ಇದು?" ಎಂದು ಹೊಸದಾಗಿ ಬಂದ ಗುಮಾಸ್ತ ಕೇಳಿದರೆ, "ತಕ್ಕಡಿ ಅವ್ವನ ಮನೆಯವನು" ಎನ್ನುವನು. ಕಟ್ಟು ಹೊತ್ತು ತಂದು ದೊರೆಸಾನಿಯ ಮುಂದೆ ಬಿಚ್ಚುವನು. ಅದು ಮೂಸಿ, ಯೋಚಿಸಿ, ಬಾಯಿ ಹಾಕುವವರೆಗೆ ತಾಳ್ಮೆಯಿಂದ ನಿಲ್ಲುವನು.

ಕೊನೆಯ ಚಪ್ಪರ ನಿಂತ ದಿನ ಸೊಸೆ, ಮೊಮ್ಮಗಳು ಬಂದು ಬುತ್ತಿ ಕೊಟ್ಟು ಹೋಗಿದ್ದರು. ತಟ್ಟೆಗಳೆಲ್ಲ ಹಳ್ಳದಲ್ಲಿ ಹೋಗಿ, ಮಿಕ್ಕಿದ್ದು ಒಂದು ಅಗಲವಾದ ಬಟ್ಟಲು. ಗಂಡ ಉಂಡ ಮೇಲೆ ತಾನು ಉಣ್ಣುವುದು ಅವಳ ರೂಢಿ. ಬಟ್ಟಲು ಅವನ ಮುಂದಿಟ್ಟು ಪಕ್ಕಕ್ಕೆ ಸರಿದಳು. ಅವನು ಅದನ್ನು ಇಬ್ಬರ ನಡುವೆ ಎಳೆದಿಟ್ಟ. ರೊಟ್ಟಿ ಮುರಿದು ಅರ್ಧ ಅವಳ ಕಡೆ ಹಾಕಿದ.

"ಉಣ್ಣು. ಆರಿಹೋಗುತ್ತೆ."

ಇಬ್ಬರೂ ಉಣ್ಣತೊಡಗಿದರು. ದಿಬ್ಬದ ಕೆಳಗೆ ಕೆರೆಯಂಗಳದಲ್ಲಿ, ಹತ್ತಿರ ಹೋಗಿ ನೋಡಿದರೆ ಕಾಣದ, ದೂರದಿಂದ ಮಾತ್ರ ಕಾಣುವ ಹಸಿರು ಹರಡಿತ್ತು.

"ನೀನಿದ್ದಿದ್ದಕ್ಕೆ ಆಯ್ತು," ಎಂದ ಬಡಗಿ, ಬಟ್ಟಲಿಗೆ ಹೇಳಿದಂತೆ. "ಇಷ್ಟು ವರ್ಷವೂ."

"ಏನಂದ್ರಿ?"

"ಏನಿಲ್ಲ. ಊಟ ಮಾಡು."

"ಕೇಳಿಸ್ತು ರೀ," ಎಂದಳು ಅವಳು, ರೊಟ್ಟಿ ಮುರಿಯುತ್ತ. "ಇನ್ನೊಂದ್ಸಲ ಹೇಳ್ತೀರೇನೋ ಅಂತ ಕೇಳಿದೆ."

ಬಡಗಿ ಸುತ್ತ ನೋಡಿದ. ಅಕ್ಕಪಕ್ಕದ ಚಪ್ಪರಗಳಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದರು. ಅವನು ಗಂಟಲು ಸರಿಮಾಡಿಕೊಂಡು, ಕೊನೆಯ ಚಪ್ಪರದವರಿಗೂ ಕೇಳುವಷ್ಟು ಗಟ್ಟಿಯಾಗಿ ಇನ್ನೊಂದು ಸಲ ಹೇಳಿದ.